ಸೋರದ ತೊಟ್ಟಿ

ಯಾರ ಮನೆಗೆ ಹೋದರೂ ನನ್ನದೊಂದು ಕೆಟ್ಟ ಚಾಳಿ ಇದೆ. ಚಪ್ಪಲಿ ಬಿಡುವ ಮೊದಲೇ ನನ್ನ ಕಣ್ಣು ಅಂಗಳದಲ್ಲಿ ನೀರಿನ ಸಂಪು ಎಲ್ಲಿದೆ ಎಂದು ಹುಡುಕುತ್ತದೆ. ಸಿಕ್ಕಿತೋ, ಸೀದಾ ಹೋಗಿ ಅದರ ಮುಚ್ಚಳವನ್ನು ಕಾಲಲ್ಲಿ ಒಮ್ಮೆ ಒತ್ತಿ ನೋಡಬೇಕು. ಅಲ್ಲಾಡದಿದ್ದರೆ ಸರಿ. ಅಲ್ಲಾಡಿದರೆ ಆ ಮನೆಯ ಕಾಫಿ ನನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಮಗನಿಗೆ ಹೆಣ್ಣು ನೋಡಲು ಹೋದ ದಿನವೂ ಹೀಗೇ ಆಯಿತು. ಎಲ್ಲರೂ ಒಳಗೆ ಚಾಪೆಯ ಮೇಲೆ ಕೂತಿದ್ದಾರೆ, ನಾನು ಮಾತ್ರ ಹೊರಗೆ ಅವರ ಸಂಪಿನ ಮೇಲೆ ನಿಂತು ಕಾಲು ಕುಟ್ಟುತ್ತಿದ್ದೇನೆ. ತುಕ್ಕು ಹಿಡಿದ ತಗಡಿನ ಮುಚ್ಚಳ, ಒತ್ತಿದರೆ ತಪ್ಪಲೆ ಬಡಿದ ಹಾಗೆ ಸದ್ದು. ಹೆಣ್ಣಿನ ಅಪ್ಪ ಬಾಗಿಲಲ್ಲಿ ನಿಂತು ಒಳಗಿದ್ದವರಿಗೆ ಹೇಳಿದರು, "ಬೀಗ್ರು ಮನೆ ಗಟ್ಟಿಯಾಗಿ ಅದಾ ಅಂತ ನೋಡ್ತಾವ್ರೆ, ಒಸಿ ತಡೀರಿ." ನನ್ನ ಹೆಂಡತಿ ಮಾದೇವಿಗೆ ತಲೆ ಎತ್ತಲು ಆಗಲಿಲ್ಲವಂತೆ. ಮದುವೆ ಕುದುರಿದ ಮೇಲೆ ನಾನು ಮಾಡಿದ ಮೊದಲ ಕೆಲಸ ಆ ಮನೆಗೆ ಒಂದು ಸಿಮೆಂಟಿನ ಮುಚ್ಚಳ ಎರಕ ಹೊಯ್ದು ಕಳಿಸಿದ್ದು. ಸೊಸೆಗೆ ನಾನು ಕೊಟ್ಟ ಮೊದಲ ಉಡುಗೊರೆ ಏನು ಎಂದು ಯಾರಾದರೂ ಕೇಳಿದರೆ ಮಾದೇವಿ ಇವತ್ತಿಗೂ ಸೆರಗು ಬಾಯಿಗೆ ಇಟ್ಟುಕೊಳ್ಳುತ್ತಾಳೆ.

ನಾನು ಗಾರೆ ಕೆಲಸದವನು. ಊರು ಟಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆ. ಐದನೆಯ ಕ್ಲಾಸಿಗೆ ಸ್ಲೇಟು ಕೆಳಗಿಟ್ಟು ಕರಣೆ ಹಿಡಿದೆ. ಅಂದಿನಿಂದ ಇಂದಿನವರೆಗೆ ಹಿಡಿದ ಕರಣೆ ಬಿಟ್ಟಿಲ್ಲ. ಓದಿಲ್ಲ ಎಂದು ನನಗೇನೂ ನಾಚಿಕೆಯಿಲ್ಲ. ನಕ್ಷೆ ಹಿಡಿದು ಬರುವ ಇಂಜಿನಿಯರುಗಳು ಕೊನೆಗೆ ಕೇಳುವುದು ನನ್ನನ್ನೇ, "ಮೇಸ್ತ್ರಿ, ಇದು ಹಿಂಗೆ ನಿಲ್ತದಾ?" ಅದರಲ್ಲೂ ನೀರಿನ ತೊಟ್ಟಿ ಅಂದರೆ ನಂಜನಗೂಡಿನಿಂದ ನರಸೀಪುರದವರೆಗೆ ನನ್ನ ಹೆಸರೇ. ನಾನು ಕಟ್ಟಿದ ತೊಟ್ಟಿ ಸೋರಿತು ಎಂದು ಯಾರೂ ಹೇಳಿದ್ದಿಲ್ಲ. ಈ ಮಾತನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನನಗೆ ಮುಂದೆ ಬಂದ ಅವಮಾನವೆಲ್ಲ ಇದರಿಂದಲೇ ಬಂದದ್ದು.

ನೀರಿನ ಭಯ ನನಗೆ ಹುಟ್ಟಿನಿಂದ ಬಂದದ್ದಲ್ಲ. ಹೊಳೆದಂಡೆಯ ಊರಿನ ಹುಡುಗನಿಗೆ ಅದು ಎಲ್ಲಿಂದ ಬಂದೀತು? ಬೇಸಿಗೆಯಲ್ಲಿ ಕಾವೇರಿ ಬಡಕಲಾಗಿ ಒಂದು ಮಗ್ಗುಲಿಗೆ ಹರಿಯುವಾಗ ಉಳಿದದ್ದೆಲ್ಲ ಮರಳು. ಬೆಳಗ್ಗೆ ತಣ್ಣಗೆ, ಮಧ್ಯಾಹ್ನ ಹುರಿದ ಹಾಗೆ. ನಾವು ಕಾಲು ಸುಡದಿರಲೆಂದು ಎಕ್ಕದ ಎಲೆ ಕಟ್ಟಿಕೊಂಡು ಓಡುತ್ತಿದ್ದೆವು. ಎಲ್ಲಾದರೂ ಒಂದು ಕಡೆ ಕೂತು ಕೈಯಿಂದ ತೋಡಿದರೆ ಮೊಳಕೈ ಮುಳುಗುವಷ್ಟರಲ್ಲಿ ಮರಳು ಒದ್ದೆಯಾಗುತ್ತಿತ್ತು, ಇನ್ನೊಂದು ಗೇಣು ಹೋದರೆ ಒರತೆ. ಮೊದಲು ಬಗ್ಗಡ. ಅದನ್ನು ಕರಟದಲ್ಲಿ ಮೊಗೆದು ಚೆಲ್ಲಿ, ಮೊಗೆದು ಚೆಲ್ಲಿ, ಮೂರನೆಯ ಸಲ ತಿಳಿನೀರು ತಾನಾಗಿ ಬಂದು ನಿಲ್ಲುವುದನ್ನು ಬೋರಲು ಮಲಗಿ ನೋಡುತ್ತಿದ್ದೆವು. ಯಾರ ಒರತೆ ಬೇಗ ತಿಳಿಯಾಯಿತು ಎಂಬುದರ ಮೇಲೆ ಜಗಳ, ಮೈಕೈ ಪರಚಾಟ. ಹೊಳೆ ಪಕ್ಕದಲ್ಲೇ ಹರಿಯುತ್ತಿದ್ದರೂ ನಮಗೆ ನಾವು ತೋಡಿದ ನೀರೇ ಕುಡಿಯಬೇಕು. ಅದರಷ್ಟು ರುಚಿಯ ನೀರು ಆಮೇಲೆ ಯಾವ ಬಾಟಲಿಯಲ್ಲೂ ನನಗೆ ಸಿಕ್ಕಿಲ್ಲ.

ಆಮೇಲೆ ಹೊಳೆಯ ಒಳಗಿನಿಂದ ಮರಳು ತೆಗೆಯುವವರು ಬಂದರು. ತೆಗೆದು ಹೋದಲ್ಲಿ ಗುಂಡಿ. ಗುಂಡಿಗೆ ನೀರು ತುಂಬಿದರೆ ಮೇಲಿನಿಂದ ನೋಡುವವನಿಗೆ ಎಲ್ಲವೂ ಒಂದೇ ಮಟ್ಟ. ನಾನು ಮೊಣಕಾಲುದ್ದದ ನೀರಿನಲ್ಲಿ ಮೀನು ಅಟ್ಟಿಕೊಂಡು ಹೋಗುತ್ತಿದ್ದವನು ಒಂದು ಹೆಜ್ಜೆ ಮುಂದಿಟ್ಟೆ, ಆ ಹೆಜ್ಜೆಗೆ ನೆಲ ಸಿಗಲಿಲ್ಲ. ಬಾಯಿ ತೆರೆದೆ, ನೀರು ನುಗ್ಗಿತು. ಕೂಗು ಬರಲಿಲ್ಲ. ನೀರಿನಲ್ಲಿ ಮುಳುಗುವವನು ಕೈ ಎತ್ತಿ ಕೂಗುತ್ತಾನೆ ಎಂದು ನೀವು ತಿಳಿದಿದ್ದರೆ ಅದು ಸುಳ್ಳು. ಬಟ್ಟೆ ಒಗೆಯುತ್ತಿದ್ದ ನನ್ನ ದೊಡ್ಡಕ್ಕನಿಗೆ ಮಾರು ದೂರದಲ್ಲಿ ಏನೂ ಕೇಳಿಸಿರಲಿಲ್ಲ. ಕೇಳಿಸಲಿಲ್ಲ ಎಂದೇ ಅವಳು ತಿರುಗಿ ನೋಡಿದ್ದಂತೆ. "ಯಾವಾಗ್ಲೂ ಬಡ್ಕೋತಿದ್ದೋನು ಸುಮ್ನಾಗ್ಬುಟ್ನಲ್ಲ ಅಂತ ತಿರೀಕ್ಕಂಡೆ ಕಣ್ಲಾ," ಎಂದು ಈಗಲೂ ಹೇಳುತ್ತಾಳೆ. ಕೂದಲು ಹಿಡಿದು ಎಳೆದು ದಡಕ್ಕೆ ಹಾಕಿದಳು. ಆಗ ನನಗೆ ಹಿಡಿಯಲು ಸಿಗುವಷ್ಟು ಕೂದಲಿತ್ತು.

ಅದೇ ಬೇಸಿಗೆಯಲ್ಲಿ ನಾನು ಕೆಲಸಕ್ಕೆ ಸೇರಿದ್ದು. ಮರಳು ಜರಡಿ ಹಿಡಿಯುವುದು, ನೀರು ಹೊರುವುದು. ನೋಡಿ, ಯಾವ ಎರಡು ನನ್ನನ್ನು ನುಂಗಲಿದ್ದವೋ ಅವೇ ಎರಡು ನನಗೆ ಅನ್ನ ಹಾಕಿದವು. ಆದರೆ ಅಂದು ಹೊಕ್ಕ ಹೆದರಿಕೆ ಹೋಗಲಿಲ್ಲ. ಮೇಸ್ತ್ರಿಯಾದ ಮೇಲೆ ಅದಕ್ಕೆ ಬಾಯಿ ಬಂತು. ಮನೆ ಕಟ್ಟುವ ಕಡೆ ಮರಳಿನ ರಾಶಿ ಬಿದ್ದರೆ ಬೀದಿಯ ಮಕ್ಕಳೆಲ್ಲ ಹಾಜರಾಗುತ್ತವೆ. ಗೋಪುರ ಕಟ್ಟುತ್ತವೆ, ಸುರಂಗ ಕೊರೆಯುತ್ತವೆ, ಕಪ್ಪೆಚಿಪ್ಪು ಆಯುತ್ತವೆ. ಪಕ್ಕದಲ್ಲೇ ಬಾಯಿ ತೆರೆದ ಸಂಪು, ಇಟ್ಟಿಗೆ ನೆನೆಸುವ ಗುಂಡಿ, ನೀರು ತುಂಬಿದ ಡ್ರಮ್ಮು. ನಾನು ಗೋಡೆಗೆ ಕಟ್ಟಿದ ಸಾರುವೆಯ ಮೇಲಿನಿಂದಲೇ ಗುಡುಗುತ್ತಿದ್ದೆ. ಊರಿನ ತಾಯಂದಿರು ಮಕ್ಕಳಿಗೆ ಅನ್ನ ತಿನ್ನಿಸುವಾಗ ಗುಮ್ಮನನ್ನು ಕರೆಯುವುದು ಬಿಟ್ಟು ನನ್ನನ್ನು ಕರೆಯತೊಡಗಿದರು: "ಉಣ್ತೀಯಾ, ಇಲ್ಲ ಗಾರೆ ಮೇಸ್ತ್ರಿ ಕರೀಲಾ?" ನನಗೆ ಅದರಿಂದ ಬೇಸರವಾಗಲಿಲ್ಲ. ಹೆದರಿದ ಮಗು ಬದುಕಿದ ಮಗು ಎಂದುಕೊಂಡಿದ್ದೆ.

ಮೊಮ್ಮಗಳು ಗಾನವಿ ಬಂದ ಮೇಲೆ ನೋಡಿ ನನ್ನ ಪಾಡು. ಮಗ ಸೊಸೆ ಇಬ್ಬರೂ ತಾಂಡವಪುರದ ಕಡೆ ಒಂದು ಫ್ಯಾಕ್ಟರಿಗೆ ಬೆಳಗಿನ ವ್ಯಾನಿಗೆ ಹೋಗಿಬಿಡುತ್ತಾರೆ, ಕೂಸು ನಮ್ಮ ಪಾಲು. ಈಗ ಅವಳಿಗೆ ನಾಲ್ಕು ವರ್ಷ. ಅವಳು ಅಂಬೆಗಾಲಿಡಲು ಶುರು ಮಾಡಿದ ದಿನವೇ ಮನೆಯ ಬಕೆಟ್ಟುಗಳೆಲ್ಲ ಬೋರಲಾದವು. ಬಚ್ಚಲ ಹಂಡೆಗೆ ನಾನು ಚಪ್ಪಡಿ ಹೊದಿಸಿದೆ. ಮಾದೇವಿ ಒಬ್ಬಳೇ ಅದನ್ನು ಎತ್ತಲಾರಳು. ಹೀಗಾಗಿ ಅವಳು ಸ್ನಾನ ಮಾಡಬೇಕಾದರೆ ನಾನು ಮನೆಯಲ್ಲಿರಬೇಕು.

"ನೀರ ಕಂಡ್ರೆ ನೀವು ನಾಗರಾವ ಕಂಡಂಗೆ ಆಡ್ತೀರಲ್ಲ," ಎಂದಳು ಒಂದು ದಿನ. "ಕೂಸು ಒಂದು ಚೊಂಬು ನೀರ್ನಲ್ಲಿ ಕೈ ಆಡಿಸ್ಬಾರ್ದಾ?"

"ಆಡಿಸ್ಬಾರ್ದು."

"ಮಳ್ಳಲ್ಲಿ ಗುಡ್ಡೆ ಕಟ್ಬಾರ್ದಾ?"

"ಮಳ್ಳಲ್ಲಿ ಬೆಕ್ಕು ಕಕ್ಕಸ್ಸು ಮಾಡ್ತವೆ."

"ಮತ್ತೇನ್ಮಾಡ್ಬೇಕು ಅದು?"

ಮೊಬೈಲು ಕೊಡು ಎನ್ನಲು ಬಾಯಿ ಬರಲಿಲ್ಲ, ಆದರೆ ಕೂಸು ಮಾಡುತ್ತಿದ್ದದ್ದು ಅದನ್ನೇ. ಗೋಡೆಗೆ ಒರಗಿಕೊಂಡು ಪರದೆಯ ಮೇಲೆ ಯಾವುದೋ ದೇಶದ ಮಕ್ಕಳು ಮರಳಿನಲ್ಲಿ ಆಡುವುದನ್ನು ಗಂಟೆಗಟ್ಟಲೆ ನೋಡುತ್ತಿದ್ದಳು. ಅವಳು ನೋಡುವುದನ್ನು ನಾನು ನೋಡುತ್ತಿದ್ದೆ.

ನಮ್ಮ ಮನೆಯ ಎದುರಿಗೇ ಅಂಗನವಾಡಿ. ಅಲ್ಲಿಯ ಟೀಚರು ರಾಜಮಣಿ, ನರಸೀಪುರದಿಂದ ಬಸ್ಸಿನಲ್ಲಿ ಬರುವ ಹೆಣ್ಣುಮಗಳು. ದನಿ ಎತ್ತುವುದಿಲ್ಲ, ಹಿಡಿದದ್ದನ್ನು ಬಿಡುವುದೂ ಇಲ್ಲ. ಒಂದು ಸಂಜೆ ಬಂದು ಜಗಲಿಯ ಮೇಲೆ ಕೂತರು.

"ಮೇಸ್ತ್ರಿಯವ್ರೇ, ಮಕ್ಳಿಗೆ ಆಡಕ್ಕೆ ಒಂದು ಮರಳಿನ ಗುಂಡಿ, ನೀರಾಡಕ್ಕೆ ಒಂದು ಸಣ್ಣ ಟಬ್ಬು ಇಡಬೇಕು ಅಂತಿದೀನಿ. ಗುಂಡಿ ನೀವು ಕಟ್ಟಿಕೊಡಬೇಕು."

ನನಗೆ ಮೈ ಉರಿಯಿತು. "ಟೀಚರಮ್ಮ, ಮಕ್ಳು ಅಕ್ಷರ ಕಲೀಲಿ ಅಂತ ಕಳ್ಸಿದ್ರೆ ನೀವು ಮಣ್ಣಾಡ್ಸಕ್ಕೆ ಓಯ್ತೀರಲ್ಲ."

"ಮರಳು ಹಿಡಿದ ಕೈಗೆ ಬಳಪ ಹಿಡಿಯೋದು ಸಲೀಸು. ಅಳೆಯೋದು, ತುಂಬೋದು, ಸುರಿಯೋದು, ಎಲ್ಲ ಅಲ್ಲೇ ಬರ್ತದೆ. ನಿಮಗೆ ಲೆಕ್ಕ ಬಂದಿದ್ದು ಎಲ್ಲಿಂದ ಹೇಳಿ?"

ಅದು ನಿಜ. ಒಂದಕ್ಕೆ ನಾಲ್ಕು, ಒಂದಕ್ಕೆ ಆರು ಎಂದು ಸಿಮೆಂಟಿಗೆ ಮರಳು ಅಳೆಯುತ್ತಲೇ ನಾನು ಮಗ್ಗಿ ಕಲಿತವನು. ಆದರೂ ತಲೆ ಆಡಿಸಲಿಲ್ಲ. ಆಗ ಅವರು ಎದ್ದು ಸೆರಗು ಸರಿ ಮಾಡಿಕೊಂಡು, "ಹೋಗ್ಲಿ ಬಿಡಿ. ತಲಕಾಡು ಕಡೆಯಿಂದ ಒಬ್ಬರು ಬರ್ತೀನಿ ಅಂದವ್ರೆ, ಅವ್ರ ಕೈಲೇ ಕಟ್ಟಿಸ್ತೀನಿ," ಎಂದರು.

ನಾಲ್ಕು ಹೆಜ್ಜೆ ಹೋಗಲು ಬಿಟ್ಟೆ. ಐದನೆಯದಕ್ಕೆ ಆಗಲಿಲ್ಲ. "ನಮ್ಮೂರ ಮಕ್ಳಿಗೆ ತಲಕಾಡಿನೋನು ಯಾಕೆ ಕಟ್ಬೇಕು?" ಎಂದೆ. ಅವರು ತಿರುಗಿ ನೋಡಿ ನಗಲಿಲ್ಲ, ಅದೊಂದು ಅವರ ದೊಡ್ಡತನ.

ಕಟ್ಟುವುದಾದರೆ ಕಟ್ಟಿದ ಹಾಗೆ ಕಟ್ಟಬೇಕು. ಮೊದಲು ಮರಳು. ಈಗ ಎಲ್ಲೆಲ್ಲೂ ಎಂ ಸ್ಯಾಂಡು, ಕಲ್ಲು ಪುಡಿ ಮಾಡಿದ್ದು. ಮನೆ ಕಟ್ಟಲು ಅದಕ್ಕೆ ಹೆಸರಿಡುವ ಹಾಗಿಲ್ಲ. ಆದರೆ ಕಾಳು ಕಾಳೂ ಚೂಪು, ಮುಷ್ಟಿ ಬಿಗಿದರೆ ಚುಚ್ಚುತ್ತದೆ, ಧೂಳು ಕಣ್ಣಿಗೆ ಮೂಗಿಗೆ. ಮಕ್ಕಳಿಗೆ ಹೊಳೆಮರಳೇ ಆಗಬೇಕು, ನೀರು ಉರುಳಿಸಿ ಉರುಳಿಸಿ ಮೂಲೆ ಸವೆಸಿದ್ದು. ಟ್ರಾಕ್ಟರಿನ ಸಿದ್ರಾಜು ನನ್ನ ಓರಗೆಯವನು, ಒಟ್ಟಿಗೆ ಒರತೆ ತೋಡಿದವನು. ಅವನ ಹಿತ್ತಲಲ್ಲಿ ಯಾವುದೋ ಕಾಲದಲ್ಲಿ ಮನೆ ಕಟ್ಟಿ ಮಿಕ್ಕಿದ ಹೊಳೆಮರಳಿನ ಗುಡ್ಡೆ ಬಿದ್ದಿತ್ತು, ಮೇಲೆ ಕುಂಬಳದ ಬಳ್ಳಿ ಹಬ್ಬಿಕೊಂಡು.

"ಕೊಡ್ತೀನಿ ತಕ್ಕೋಗ್ಲಾ," ಎಂದ. "ಆದ್ರೆ ಮಕ್ಳ ಓಡ್ಸೋ ಮೇಸ್ತ್ರಿ ಮಕ್ಳಿಗೇ ಮಳ್ಳು ಉಯ್ತಾನೆ ಅಂದ್ರೆ ಮಳೆ ಬರ್ತದೆ ನೋಡ್ಕೋ."

ಆ ಮರಳನ್ನು ನಾನು ಮೂರು ಸಲ ಜರಡಿ ಹಿಡಿದೆ. ಒಂದು ತುಕ್ಕು ಮೊಳೆ, ಬಳೆಯ ಚೂರು, ಬೀಡಿ ತುಂಡು, ಕೋಳಿಯ ಪುಕ್ಕ ಸಿಕ್ಕಿದವು. ಒಂದಷ್ಟು ಕಪ್ಪೆಚಿಪ್ಪೂ ಸಿಕ್ಕಿದವು. ಅಂಚು ಚೂಪಿಲ್ಲದ್ದನ್ನು ಬೆರಳಿನಿಂದ ಸವರಿ ನೋಡಿ ಮತ್ತೆ ಮರಳಿಗೇ ಹಾಕಿದೆ. ಬಾಂಡ್ಲಿ ಬಾಂಡ್ಲಿಯಾಗಿ ತೊಳೆದು ಎರಡು ದಿನ ಬಿಸಿಲಿಗೆ ಹರವಿದೆ. ಮಾದೇವಿ ಅಕ್ಕಿ ಆರಿಸುತ್ತಾ ಕೂತಿದ್ದವಳು, "ನಾನು ಅಕ್ಕಿ ತೊಳ್ಯದೂ ಇಷ್ಟು ಸಲ ಇಲ್ಲ," ಎಂದಳು.

ಮರಳು ತುಂಬುವ ತೊಟ್ಟಿಯ ಕೆಲಸ ಅದಕ್ಕಿಂತ ಮೇಲು. ಅಂಗನವಾಡಿಯ ಶೀಟಿನ ಸೂರಿನ ಕೆಳಗೆ, ಮಧ್ಯಾಹ್ನದ ನೆರಳು ಬೀಳುವ ಕಡೆ ಜಾಗ ಆರಿಸಿದೆ. ನೆಲದ ಮೇಲೆಯೇ ಇಟ್ಟಿಗೆ ಕಟ್ಟಿ ಎರಡೂವರೆ ಅಡಿ ಆಳ, ಯಾಕೆಂದರೆ ಮರಳು ಚೆಲ್ಲಬಾರದು. ಮೂಲೆಗಳಲ್ಲಿ ಮಕ್ಕಳ ಮೊಣಕಾಲು ತಾಗಬಾರದೆಂದು ಬಾಟಲಿಯಿಂದ ಉಜ್ಜಿ ದುಂಡಗೆ ಮಾಡಿದೆ. ಒಳಗೆ ಎರಡು ಕೈ ಗಾರೆ, ನೀರು ಹಿಡಿಯದ ಪುಡಿ ಬೆರೆಸಿ, ಮೇಲೆ ಸಿಮೆಂಟಿನ ಹಾಲು ಬಳಿದು ಕರಣೆಯಿಂದ ಕನ್ನಡಿಯ ಹಾಗೆ ಎಳೆದೆ. ಮುಗಿದ ಮೇಲೆ ನನ್ನ ಪದ್ಧತಿಯಂತೆ ಕಂಠಮಟ್ಟ ನೀರು ತುಂಬಿಸಿ, ನೀರಿನ ಗೆರೆಗೆ ಇದ್ದಿಲಿನಲ್ಲಿ ಗುರುತು ಹಾಕಿ ಮೂರು ದಿನ ಬಿಟ್ಟೆ. ಆ ಮೂರು ದಿನವೂ ಮಕ್ಕಳು ಹತ್ತಿರ ಬಾರದಂತೆ ಅಲ್ಲೇ ಕಾವಲು ಕೂತೆ. ಗುರುತಿನಿಂದ ನೀರು ಕೂದಲೆಳೆಯಷ್ಟೂ ಇಳಿದಿರಲಿಲ್ಲ.

ರಾಜಮಣಿ ಬಂದು ಸುತ್ತು ಹಾಕಿ ನೋಡಿದರು. "ನೀರು ಎಲ್ಲಿಂದ ಹೋಗ್ತದೆ ಮೇಸ್ತ್ರಿಯವ್ರೇ?"

"ನನ್ ತೊಟ್ಟೀಲಿ ನೀರು ಎಲ್ಗೂ ಓಗಲ್ಲ ಕಣಮ್ಮ," ಎಂದೆ.

ಅವರು ಇನ್ನೇನೋ ಹೇಳಲು ಬಾಯಿ ತೆರೆದರು. ನಾನು ಅಷ್ಟರಲ್ಲಿ ಇದ್ದಿಲ ಗೆರೆ ತೋರಿಸಲು ಅವರನ್ನು ಆ ಕಡೆಗೆ ಕರೆದುಕೊಂಡು ಹೋದೆ. ಹೊಗಳುತ್ತಾರೆ ಎಂದುಕೊಂಡಿದ್ದೆನೋ ಏನೋ. ನೀರನ್ನು ಬಕೆಟ್ಟಿನಲ್ಲಿ ಎತ್ತಿ ಖಾಲಿ ಮಾಡಿ, ಅಡಿಯಿಂದ ಒಂದು ಅಡಿ ಎತ್ತರಕ್ಕೆ ಮರಳು ತುಂಬಿದೆ. ಬೆಕ್ಕು ಬಾರದಂತೆ ಮೇಲೆ ನೀಲಿ ಟಾರ್ಪಾಲು ಎಳೆದು ನಾಲ್ಕೂ ಮೂಲೆಗೆ ಕಲ್ಲು ಹೇರಿದೆ.

ಮಕ್ಕಳು ಇಳಿದ ಮೊದಲ ದಿನ ನಾನು ಕೆಲಸಕ್ಕೆ ಹೋಗದೆ ಅಲ್ಲೇ ನಿಂತಿದ್ದೆ. "ಎರಚ್ಬೇಡ. ಬಾಯ್ಗಾಕ್ಬೇಡ. ಅವಳ ಕಣ್ಣು ನೋಡು. ಲೇ, ಕಟ್ಟೆ ಮ್ಯಾಲೆ ನಿಂತ್ಕಬೇಡ." ಮಕ್ಕಳು ಮರಳಿನಲ್ಲಿ ಕೈ ಇಟ್ಟುಕೊಂಡು ಪರೀಕ್ಷೆಗೆ ಕೂತವರ ಹಾಗೆ ಕೂತಿದ್ದವು. ಗಾನವಿ ಒಂದು ಕರಟದಲ್ಲಿ ಮರಳು ತುಂಬುವುದು, ನನ್ನ ಮುಖ ನೋಡುವುದು, ಸುರಿಯುವುದು, ಮತ್ತೆ ನನ್ನ ಮುಖ ನೋಡುವುದು. ಕೊನೆಗೆ ರಾಜಮಣಿ ಹತ್ತಿರ ಬಂದು ಮೆಲ್ಲಗೆ ಹೇಳಿದರು, "ಮೇಸ್ತ್ರಿಯವ್ರೇ, ನೀವು ಕೆಲಸಕ್ಕೆ ಹೋದ್ರೆ ಮಕ್ಳು ಆಡ್ತವೆ."

ಹೋದೆ. ಆಗ ನಂಜನಗೂಡಿನಲ್ಲಿ ಒಬ್ಬ ನಿವೃತ್ತ ಗುಮಾಸ್ತರ ಮನೆಯ ಕೆಲಸ ನಡೆಯುತ್ತಿತ್ತು. ಒಂದು ಶನಿವಾರ ಬೆಳಗ್ಗೆಯೇ ತಾರಸಿಗೆ ಕಾಂಕ್ರೀಟು ಹಾಕಿದೆವು. ಅದಕ್ಕೆ ನೀರು ಉಣಿಸಲು ನಾನು ಭಾನುವಾರವೂ ಅಲ್ಲೇ ಉಳಿದೆ. ಶನಿವಾರ ಸಂಜೆಯೇ ಮಳೆ ಹಿಡಿಯಿತು, ಭಾನುವಾರ ಇಡೀ ದಿನ ಸುರಿಯಿತು. ನನಗೆ ಖುಷಿಯೋ ಖುಷಿ. ನಾನು ಪೈಪು ಹಿಡಿದು ಮಾಡಬೇಕಾದ ಕೆಲಸವನ್ನು ಆಕಾಶ ಮಾಡುತ್ತಿದೆ.

ಸೋಮವಾರ ಬೆಳಗ್ಗೆ ಮಳೆ ಬಿಟ್ಟು ಬಿಸಿಲು ಬಂದಿತ್ತು. ಗುಮಾಸ್ತರು ಕಾಫಿಯ ಲೋಟ ಹಿಡಿದುಕೊಂಡು ಬಂದು, ನಾನು ಹೋದ ವಾರ ಮುಗಿಸಿದ ಸಂಪಿಗೆ ಹೊದಿಸಿದ್ದ ಹಲಗೆ ಸರಿಸಿ ಬಗ್ಗಿ ನೋಡಿದರು. ಅರ್ಧದವರೆಗೆ ಮಳೆನೀರು ನಿಂತಿತ್ತು. "ಏನು ಮೇಸ್ತ್ರಿ, ಬಿದ್ದ ನೀರೆಲ್ಲ ಹಾಗೇ ಇದೆಯಲ್ಲ."

"ನನ್ ತೊಟ್ಟಿ ಸಾ," ಎಂದೆ, ಲೋಟ ತೆಗೆದುಕೊಳ್ಳುತ್ತಾ. "ಒಳಕ್ಕೆ ಬಿದ್ದ ನೀರು ಆಚ್ಗೆ ಓಗಲ್ಲ."

ಹೇಳಿ ಒಂದು ಗುಟುಕು ಕುಡಿದೆ. ಎರಡನೆಯದು ಇಳಿಯಲಿಲ್ಲ.

ಎರಡು ದಿನದ ಮಳೆ. ಶೀಟಿನ ನೀರೆಲ್ಲ ಸುರಿಯುವುದು ಸೂರಿನ ಕೆಳಗೆ. ಸೂರಿನ ಕೆಳಗೆ ನನ್ನ ತೊಟ್ಟಿ. ಒಂದು ಅಡಿ ಮರಳು, ಅದರ ಮೇಲೆ ಒಂದೂವರೆ ಅಡಿ ಬರಿದು. ಟಾರ್ಪಾಲಿನ ಸಂದಿಯಿಂದ ಒಳಕ್ಕೆ ಇಳಿದು, ಹೋಗಲು ದಾರಿ ಇಲ್ಲದ ನೀರು. ಅದರ ಮೇಲೆ ನಾನೇ ಎಳೆದು ಹೊದಿಸಿದ ಟಾರ್ಪಾಲು, ನೆಲದ ಹಾಗೆ ಮಟ್ಟಸವಾಗಿ ತೇಲುತ್ತಿರುತ್ತದೆ. ಅದರ ಕೆಳಗೆ ಇರುವುದು ಮರಳು ಎಂದು ನಾನೇ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಗಂಟೆ ಒಂಬತ್ತು. ಟೀಚರು ಬರುವುದು ಒಂಬತ್ತೂವರೆಗೆ. ಎದುರುಮನೆಯ ನನ್ನ ಕೂಸು ಮಾತ್ರ ದಿನವೂ ಮೊದಲೇ ಹೋಗಿ ಅಂಗಳದಲ್ಲಿ ನಿಂತಿರುತ್ತದೆ.

ಟೀಚರಿಗೆ ಫೋನು ಹಚ್ಚಿದೆ. ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದು ಒಬ್ಬ ಹೆಂಗಸು ಸಮಾಧಾನವಾಗಿ ಹೇಳಿದಳು. ಮಾದೇವಿಗೆ ಹಚ್ಚಿದೆ. ಹೊಡೆದುಕೊಂಡಿತು, ಹೊಡೆದುಕೊಂಡಿತು, ನಿಂತಿತು. ಅವಳ ಫೋನು ಇರುವುದು ದಿಂಬಿನ ಕೆಳಗೆ, ಅವಳು ಇರುವುದು ಕೊಟ್ಟಿಗೆಯಲ್ಲಿ. ನಾನು ಲೋಟ ಕೆಳಗಿಟ್ಟು ಮೊಪೆಡ್ಡು ಹತ್ತಿದೆ. ಗುಮಾಸ್ತರು ಹಿಂದಿನಿಂದ ಏನೋ ಕೂಗುತ್ತಿದ್ದರು.

ನಂಜನಗೂಡಿನಿಂದ ನಮ್ಮೂರಿಗೆ ಎಷ್ಟು ದೂರ ಎಂದು ನನ್ನನ್ನು ಕೇಳಬೇಡಿ. ಅಂದಿನಿಂದ ಅದು ನನಗೆ ಕಿಲೋಮೀಟರಿನಲ್ಲಿ ಗೊತ್ತಿಲ್ಲ. ದಾರಿಯುದ್ದಕ್ಕೂ ಗದ್ದೆಗಳಲ್ಲಿ ನೀರು ನಿಂತು ಬಿಸಿಲಿಗೆ ಹೊಳೆಯುತ್ತಿತ್ತು, ನಾಲೆ ತುಂಬಿ ಹರಿಯುತ್ತಿತ್ತು. ಬೇರೆಯವರಿಗೆ ಅದು ಚೆಂದವೇ. ನಾನು ಒಂದು ಕಡೆ ನಿಲ್ಲಿಸಿ ಮತ್ತೆ ಹಚ್ಚಿದೆ, ಇನ್ನೊಂದು ಕಡೆ ನಿಲ್ಲಿಸಿ ಮತ್ತೆ. ಮೂರನೆಯ ಸಲಕ್ಕೆ ಮಾದೇವಿ ಎತ್ತಿದಳು.

"ಕೂಸೆಲ್ಲಿ?"

"ಅಂಗನವಾಡಿಗೋಯ್ತು, ಆಗ್ಲೇ. ಯಾಕೆ?"

"ಓಡು."

"ಯಾಕ್ರೀ, ಏನಾಯ್ತು?"

"ತೊಟ್ಟಿ," ಎಂದೆ. ಅವಳಿಗೆ ಅಷ್ಟೇ ಸಾಕಾಯಿತು. ಫೋನು ಕೈಯಲ್ಲೇ ಹಿಡಿದು ಓಡಿದಳು ಎಂದು ಕಾಣುತ್ತದೆ. ನನಗೆ ಅವಳ ಏದುಸಿರು ಕೇಳುತ್ತಿತ್ತು, ನಾಯಿಯೊಂದು ಬೊಗಳಿದ್ದು, ಗೇಟಿನ ಕಿರ್ರೆಂಬ ಸದ್ದು. ಆಮೇಲೆ ಮಕ್ಕಳ ಕಿರುಚಾಟ. ದೂರದಿಂದ ಕೇಳಿದರೆ ಮಕ್ಕಳು ಖುಷಿಗೆ ಕಿರುಚುವುದೂ ಹೆದರಿ ಕಿರುಚುವುದೂ ಒಂದೇ ಥರ ಇರುತ್ತದೆ. ನೀವೇ ಒಮ್ಮೆ ಕಣ್ಣು ಮುಚ್ಚಿಕೊಂಡು ಕೇಳಿ. ಅಷ್ಟರಲ್ಲಿ ಫೋನು ಕಡಿದುಹೋಯಿತು. ಮತ್ತೆ ಹಚ್ಚುವ ಧೈರ್ಯ ನನಗೆ ಆಗಲಿಲ್ಲ. ಉತ್ತರ ಗೊತ್ತಾಗದೆ ಇರುವಷ್ಟು ಹೊತ್ತು ಕೂಸು ಚೆನ್ನಾಗಿದೆ ಎಂದು ನನ್ನ ಬುದ್ಧಿ ಲೆಕ್ಕ ಹಾಕಿತ್ತು. ಉಳಿದ ದಾರಿಯನ್ನು ನಾನು ಆ ಲೆಕ್ಕದ ಮೇಲೆಯೇ ಓಡಿಸಿದೆ.

ಅಂಗಳಕ್ಕೆ ನುಗ್ಗಿದಾಗ ಮೊದಲು ಕಂಡದ್ದು ನೀಲಿ ಟಾರ್ಪಾಲು, ಒಂದು ಪಕ್ಕಕ್ಕೆ ಎಳೆದು ಹಾಕಿತ್ತು. ರಾಜಮಣಿ ಮತ್ತು ಮಾದೇವಿ ಸೀರೆ ಎತ್ತಿ ಸಿಕ್ಕಿಸಿಕೊಂಡು ತೊಟ್ಟಿಯಿಂದ ಬಕೆಟ್ಟಿನಲ್ಲಿ ನೀರು ಎತ್ತಿ ಚೆಲ್ಲುತ್ತಿದ್ದರು. ಗೋಡೆಯ ಸಾಲಿಗೆ ಮಕ್ಕಳು. ಆ ಸಾಲಿನ ಕೊನೆಯಲ್ಲಿ ಸೊಂಟದವರೆಗೆ ನೆನೆದ ಗಾನವಿ, ಟೀಚರಮ್ಮನ ಟವೆಲು ಸುತ್ತಿಕೊಂಡು, ಬಿಸ್ಕತ್ತು ತಿನ್ನುತ್ತಾ.

ಅವತ್ತು ಮಳೆ ನೋಡಿ ರಾಜಮಣಿ ತೊಟ್ಟಿಯನ್ನು ನೆನೆದು ಮುಂಚಿನ ಬಸ್ಸಿಗೆ ಬಂದಿದ್ದರು. ಅವರು ಗೇಟು ತೆಗೆದಾಗ ಕೂಸು ಒಂದು ಮೂಲೆಯ ಕಲ್ಲು ಜರುಗಿಸಿ, ಟಾರ್ಪಾಲು ಎತ್ತಿ, ಕಟ್ಟೆಯ ಮೇಲೆ ಕೂತು ಎರಡೂ ಕಾಲು ಒಳಕ್ಕೆ ಇಳಿಬಿಟ್ಟಿತ್ತು. ಅವರು ಕೂಗಲಿಲ್ಲವಂತೆ. ಕೂಗಿದರೆ ಗಾಬರಿಯಲ್ಲಿ ಜಾರುತ್ತದೆ ಎಂದು ಮೆಲ್ಲಗೆ ಹಿಂದಿನಿಂದ ನಡೆದು ಬಂದರಂತೆ. ಬರುವಷ್ಟರಲ್ಲಿ ಅದು ಸೊಂಟದವರೆಗೆ ಇಳಿದಿತ್ತು. ಫ್ರಾಕು ಹಿಡಿದು ಎತ್ತಿದರು.

ಇದನ್ನೆಲ್ಲ ನಾನು ಆಮೇಲೆ ಕೇಳಿದ್ದು. ಆ ಕ್ಷಣಕ್ಕೆ ನಾನು ಮಾಡಿದ್ದು ಮೂವತ್ತು ವರ್ಷದಿಂದ ಮಾಡುತ್ತಾ ಬಂದದ್ದನ್ನೇ. "ಯಾವಳೇ ನಿನ್ಗೆ ಅದ್ನ ತಗಿ ಅಂದೋಳು? ಯಾರ್ಲಾ ಇಲ್ಲಿಗ್ ಬರಕ್ಕೆ ಏಳಿದ್ದು ನಿಮ್ಗೆ? ಕಾಲ್ ಮುರೀತೀನಿ ಒಬ್ಬೊಬ್ರುದೂ."

ಮಕ್ಕಳೆಲ್ಲ ಎದ್ದು ಟೀಚರಮ್ಮನ ಹಿಂದಕ್ಕೆ ಓಡಿದವು. ಗಾನವಿಯೂ ಓಡಿದಳು. ಅವರ ಸೀರೆ ಹಿಡಿದು ನನ್ನನ್ನು ಇಣುಕಿ ನೋಡಿದಳು. ಆ ನೀರು ಅವಳನ್ನು ಹೆದರಿಸಿರಲಿಲ್ಲ. ಹೆದರಿಸಿದವನು ನಾನು.

"ಮಕ್ಳಿಗೆ ಬಯ್ಬೇಡಿ," ಎಂದರು ರಾಜಮಣಿ, ಬಕೆಟ್ಟು ಕೆಳಗಿಟ್ಟು. "ತೂತು ಬಿಡೋದು ಮರ್ತಿದ್ದು ಮಕ್ಳಲ್ಲ. ಅವತ್ತು ಕೇಳ್ದೆ, ನೀವು ಬೇರೆ ಮಾತಾಡಿದ್ರಿ. ಇನ್ನೊಂದು ಸಲ ಕೇಳದೆ ಇದ್ದಿದ್ದು ನನ್ನ ತಪ್ಪು. ನಿಮಗೆ ಬೇಜಾರಾಗ್ತದೆ ಅಂತ ಸುಮ್ನಾದೆ."

ನನಗೆ ಬೇಜಾರಾಗುತ್ತದೆ ಎಂದು. ಅಂದರೆ ಈ ಊರಿನಲ್ಲಿ ನನಗೆ ಹೆದರುತ್ತಿದ್ದವರು ಮಕ್ಕಳು ಮಾತ್ರ ಅಲ್ಲ.

ಮೊಪೆಡ್ಡಿನ ಚೀಲದಿಂದ ಉಳಿ ಸುತ್ತಿಗೆ ತಂದೆ. ಹೊರಗಿನ ಮಗ್ಗುಲಲ್ಲಿ ಅಡಿಗೆ ಸರಿಯಾಗಿ ಗುರುತು ಹಾಕಿ ಕೂತೆ. ಯಾರು ಯಾರೋ ಕಟ್ಟಿದ ಗೋಡೆಗಳನ್ನು ಒಡೆದಿದ್ದೇನೆ, ನಾನು ಕಟ್ಟಿದ ತೊಟ್ಟಿಗೆ ಉಳಿ ಇಟ್ಟದ್ದು ಅದೇ ಮೊದಲು. ಎಷ್ಟು ಗಟ್ಟಿಯಾಗಿ ಕಟ್ಟಿದ್ದೆ ಎಂದು ನನಗೇ ಅಂದು ಗೊತ್ತಾಯಿತು. ಇಪ್ಪತ್ತು ಏಟಿಗೂ ಒಂದು ಚಕ್ಕೆ ಏಳಲಿಲ್ಲ. ಟ್ರಾಕ್ಟರು ನಿಲ್ಲಿಸಿ ಬಂದ ಸಿದ್ರಾಜು ಕಟ್ಟೆಗೆ ಕೈಯೂರಿ, "ಯಾರ್ಲಾ ಇದ ಕಟ್ಟಿದ್ದು, ತಲಕಾಡಿನೋನಾ?" ಎಂದ. ನಾನು ಸುತ್ತಿಗೆ ಬೀಸಿದೆ. ಎರಡು ಏಟು ನನ್ನ ಹೆಬ್ಬೆರಳಿಗೇ ಬಿದ್ದವು. ಕೊನೆಗೆ ಉಳಿ ಒಳಕ್ಕೆ ಇಳಿಯಿತು. ಕಂದು ನೀರು ಮೊದಲು ಬೆವರಿದ ಹಾಗೆ ಒಸರಿ, ಆಮೇಲೆ ದಾರವಾಗಿ, ಆಮೇಲೆ ಧಾರೆಯಾಗಿ ಅಂಗಳಕ್ಕೆ ಹರಿಯಿತು.

ಅಂದೇ ಮೇಲಿನ ಮೂರು ವರಸೆ ಇಟ್ಟಿಗೆಯನ್ನೂ ಕಿತ್ತೆ. ಹೊರಗೆ ಮಣ್ಣು ತುಂಬಿಸಿ ನೆಲ ಏರಿಸಿದೆ, ಈಗ ಕಟ್ಟೆ ಮಕ್ಕಳ ಮೊಣಕಾಲಿಗೂ ಬರುವುದಿಲ್ಲ. ಮರಳು ಅದರ ಅಂಚಿಗೆ ನಾಲ್ಕು ಬೆರಳು ಕೆಳಗಿನವರೆಗೆ ತುಂಬಿದೆ. ಅಡಿಯಲ್ಲಿ ಒಂದರ ಬದಲು ನಾಲ್ಕು ತೂತು, ಏರಿಸಿದ ಮಣ್ಣಿನಾಚೆಗೆ ಪೈಪು, ಬಾಯಿಗೆ ಬಲೆ, ಬಲೆಯ ಮೇಲೆ ಜಲ್ಲಿ, ಜಲ್ಲಿಯ ಮೇಲೆ ಮರಳು. ಸೂರಿಗೆ ನೀರು ಹಿಡಿಯುವ ತಗಡಿನ ದೋಣಿ ಕಟ್ಟಿ ಶೀಟಿನ ನೀರನ್ನು ಆಚೆಗೆ ಬಿಟ್ಟೆ. ಟಾರ್ಪಾಲು ತೆಗೆದು ಬಿದಿರಿನ ದಬ್ಬೆಯ ಮುಚ್ಚಳ ಮಾಡಿದೆ, ಕೆಳಗೆ ಏನಿದೆ ಎಂದು ಕಾಣುತ್ತದೆ. ನೀರಿನ ಟಬ್ಬಿನದು ಟೀಚರಮ್ಮನ ಕಾನೂನು: ಎರಡು ಬೆರಳು ನೀರು, ಆಟ ಮುಗಿದ ಕೂಡಲೇ ಚೆಲ್ಲಿ ಬೋರಲು ಹಾಕುವುದು, ಆಮೇಲೆ ಎಲ್ಲರೂ ಸೋಪು ಹಾಕಿ ಕೈ ತೊಳೆಯುವುದು.

ಇಷ್ಟಾದ ಮೇಲೂ ನಾನು ಕೇಳಿದೆ, "ಇನ್ನೇನ್ ಮಾಡುದ್ರೆ ಗ್ಯಾರಂಟಿ ಟೀಚರಮ್ಮ?"

"ಯಾರಾದ್ರೂ ದೊಡ್ಡೋರು ಹತ್ರ ಕೂತಿರ್ಬೇಕು, ಕಣ್ಣು ತೆಗೀದೆ. ಫೋನ್ ನೋಡ್ದೆ. ಅದಕ್ಕೆ ಬದಲು ಯಾವ ಮುಚ್ಚಳನೂ ಇಲ್ಲ ಮೇಸ್ತ್ರಿಯವ್ರೇ. ನಾನೊಬ್ಳೇ, ಮಕ್ಳು ಹದಿನಾಲ್ಕು."

"ನಾನ್ ಕುಂತ್ಕತೀನಿ," ಎಂದೆ. ದಿನವೂ ಬೆಳಗ್ಗೆ ಒಂದು ಗಂಟೆ ಹೊತ್ತು. ನಂಜನಗೂಡಿನವರಿಗೆ ಫೋನು ಮಾಡಿ ಇನ್ನು ಮುಂದೆ ಹನ್ನೊಂದೂವರೆಗೆ ಬರುತ್ತೇನೆ ಎಂದು ಹೇಳಿದೆ. ಒಂದು ದಿನವೂ ಎಂಟು ಗಂಟೆ ದಾಟಿ ಕೆಲಸಕ್ಕೆ ಹೋಗದವನು ನಾನು.

ಕೆಲಸವೆಲ್ಲ ಮುಗಿದ ಮಾರನೆಯ ದಿನ ಹೋಗಿ ಕಟ್ಟೆಯ ಮೇಲೆ ಕೂತೆ. ಒಂದು ಮಗುವೂ ಹತ್ತಿರ ಬರಲಿಲ್ಲ. ಗೋಡೆಗೆ ಅಂಟಿಕೊಂಡು ನಿಂತು ನನ್ನನ್ನೇ ನೋಡುತ್ತಿದ್ದವು. ಬನ್ನಿ ಎಂದೆ. ನನ್ನ ಗಂಟಲಿಗೆ ಮೆಲ್ಲಗೆ ಕರೆಯುವುದು ಗೊತ್ತಿರಲಿಲ್ಲ, ಅದೂ ಗದರಿದ ಹಾಗೇ ಕೇಳಿತು. ಎರಡನೆಯ ದಿನವೂ ಹಾಗೇ. ಮೂರನೆಯ ದಿನ ನಾನು ಪಂಚೆ ಎತ್ತಿ ಕಟ್ಟಿ ಮರಳಿಗೇ ಇಳಿದು ಕೂತೆ. ಏನು ಮಾಡಬೇಕೋ ತಿಳಿಯದೆ ಕೈಗೆ ಸಿಕ್ಕಿದ ಮರಳನ್ನು ಮುಷ್ಟಿ ತುಂಬಿ ಸೋರಲು ಬಿಡುತ್ತಿದ್ದೆ. ಹೊತ್ತು ಹೋದ ಮೇಲೆ ಬೆನ್ನ ಹಿಂದೆ ಸಣ್ಣಗೆ ಸದ್ದಾಯಿತು. ತಿರುಗಲಿಲ್ಲ. ಗಾನವಿ ಬಂದು ನನ್ನ ಮಗ್ಗುಲಿಗೆ ಕುಕ್ಕುರುಗಾಲಲ್ಲಿ ಕೂತು ಕೈಯಿಂದ ತೋಡತೊಡಗಿದಳು. ಮೊಳಕೈವರೆಗೆ ತೋಡಿದಳು. ಒಣಮರಳು ಮತ್ತೆ ಮತ್ತೆ ಒಳಕ್ಕೆ ಜಾರುತ್ತಿತ್ತು. ಅವಳು ಕೈ ನಿಲ್ಲಿಸಿ, ಟಬ್ಬಿನ ಕಡೆ ನೋಡಿ, ಆಮೇಲೆ ನನ್ನ ಮುಖ ನೋಡಿದಳು.

"ತಾತ, ಒಂದ್ ಚೊಂಬು ನೀರು ತರ್ಲಾ?"

ಇಲ್ಲಿಂದ ಟಬ್ಬಿಗೆ ಎಂಟು ಹೆಜ್ಜೆ, ಟಬ್ಬಿನಲ್ಲಿ ಎರಡು ಬೆರಳು ನೀರು.

"ತಗಂಬಾ," ಎಂದೆ. "ಓಡ್ಬೇಡ, ನೆಲ ಜಾರ್ತದೆ."

ಅವಳು ಓಡಿದಳು. ನಾನು ಎದ್ದು ನಿಂತೆ. ಕೂಗಲಿಲ್ಲ. ಅವಳು ಬಗ್ಗಿ ಚೊಂಬು ಅದ್ದಿ, ಅರ್ಧ ಚೆಲ್ಲಿಕೊಂಡು, ನಗುತ್ತಾ ತಿರುಗಿ ಬರುವವರೆಗೂ ನಿಂತೇ ಇದ್ದೆ. ಅವಳು ಬಂದು ಗುಂಡಿಗೆ ನೀರು ಸುರಿದಳು, ಅದು ಕಣ್ಣೆದುರಿಗೇ ಇಂಗಿಹೋಯಿತು. ಇನ್ನೂ ತರಬೇಕು ಎಂದಳು. ಅಷ್ಟರಲ್ಲಿ ಗೋಡೆಯ ಕಡೆಯಿಂದ ಇನ್ನೂ ಮೂರು ಮಕ್ಕಳು ಚೊಂಬು ಹುಡುಕಿಕೊಂಡು ಹೊರಟಿದ್ದವು.